ಪುಸ್ತಕ ಆರಿಸುವಾಗ ಎಲ್ಲಿ ನೋಡಬೇಕು? ಮುಖಪುಟ, ಮುನ್ನುಡಿ, ಮೊದಲ ಪುಟ, ಮಧ್ಯದ ಪುಟ: ಒಂದು ಹೋಲಿಕೆ

ಪುಸ್ತಕದಲ್ಲಿ ಓದುಗರಿಗೆ ಎಲ್ಲಕ್ಕಿಂತ ಮುಖ್ಯವಾದ ಭಾಗ ಯಾವುದು? ಸಾಗರದ ನಮ್ಮ ಓದುವ ಬಳಗದಲ್ಲಿ ಈ ಪ್ರಶ್ನೆ ಬಂದಾಗೆಲ್ಲ ಜಗಳ ಗ್ಯಾರಂಟಿ. ಕತೆ ಮುಖ್ಯ ಅನ್ನುವವರು ಒಂದು ಕಡೆ, ಪಾತ್ರ ಮುಖ್ಯ ಅನ್ನುವವರು ಇನ್ನೊಂದು ಕಡೆ. ನಿವೃತ್ತ ಮೇಷ್ಟ್ರೊಬ್ಬರು ಪ್ರತಿ ಸಲ ‘ಭಾಷೆ, ಭಾಷೆ’ ಅಂತ ಕೂತಿರುತ್ತಾರೆ. ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವ ಗೆಳೆಯನೊಬ್ಬ ‘ಅಕ್ಷರ ದೊಡ್ಡದಾಗಿರಬೇಕು ಮಾರಾಯ್ರೆ, ಉಳಿದದ್ದೆಲ್ಲ ಆಮೇಲೆ’ ಅಂತಾನೆ. ಅವನು ತಮಾಷೆಗೆ ಹೇಳುವುದಲ್ಲ. ದಿನವಿಡೀ ಅಂಕಿ ನೋಡಿ ದಣಿದ ಕಣ್ಣಿಗೆ ಅದೇ ಮೊದಲ ವಿಷಯ.

ಈ ಜಗಳ ಬಗೆಹರಿಯುವಂಥದ್ದಲ್ಲ, ಬಗೆಹರಿಯಲೇಬೇಕು ಅಂತಲೂ ಇಲ್ಲ. ಆದರೆ ಮಳೆಗಾಲಕ್ಕೆ ಅಂತ ನಾಲ್ಕು ಪುಸ್ತಕ ಮೊದಲೇ ತಂದಿಟ್ಟುಕೊಳ್ಳುವ ಅಭ್ಯಾಸ ನಮ್ಮ ಕಡೆ ಕೆಲವು ಮನೆಗಳಲ್ಲಿ ಇನ್ನೂ ಇದೆ. ಸೌದೆ, ಹಪ್ಪಳ, ಉಪ್ಪಿನಕಾಯಿ ಜೊತೆಗೆ ಅದೂ ಒಂದು ತಯಾರಿ. ಕರೆಂಟ್ ಹೋಗಿ, ಅದರ ಹಿಂದೆಯೇ ನೆಟ್‌ವರ್ಕ್ ಹೋಗಿ ಕೂತಾಗ ಕೈಗೆ ಸಿಗುವುದು ಆ ನಾಲ್ಕೇ. ಹಿಡಿಸದ ಪುಸ್ತಕ ತಂದಿದ್ದರೆ ಇಡೀ ಆಷಾಢ ಅದರ ಜೊತೆಗೇ ಏಗಬೇಕು. ಹಾಗಾಗಿ ಪ್ರಶ್ನೆಯನ್ನು ಸ್ವಲ್ಪ ಬದಲಿಸಿಕೊಳ್ಳುತ್ತೇನೆ. ಅಂಗಡಿಯಲ್ಲಿ ನಿಂತು ಹತ್ತು ನಿಮಿಷದಲ್ಲಿ ಒಂದು ಪುಸ್ತಕ ಆರಿಸಬೇಕಾದರೆ ಅದರ ಯಾವ ಭಾಗವನ್ನು ನಂಬಬೇಕು?

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ: ಮಧ್ಯದ ಪುಟ. ಯಾಕೆ ಅಂತ ಗೊತ್ತಾಗಲು ಉಳಿದ ಭಾಗಗಳನ್ನೂ ಪಕ್ಕದಲ್ಲಿಟ್ಟು ನೋಡೋಣ.

ಮುಖಪುಟ, ಹೆಸರು, ಬಹುಮಾನದ ಚೀಟಿ

ಮುಖಪುಟ ನೋಡಿ ಪುಸ್ತಕ ಕೊಳ್ಳಬಾರದು ಅಂತ ಎಲ್ಲರೂ ಹೇಳುತ್ತಾರೆ. ಎಲ್ಲರೂ ಹಾಗೇ ಕೊಳ್ಳುತ್ತಾರೆ. ತಪ್ಪೇನಿಲ್ಲ ಬಿಡಿ. ನಿಮ್ಮ ಕೈಯನ್ನು ಆ ಪುಸ್ತಕದ ಕಡೆ ಎಳೆಯುವುದೇ ಮುಖಪುಟದ ಕೆಲಸ. ಎಳೆದಾದ ಮೇಲೆ ಅದನ್ನು ಮರೆತುಬಿಡಬೇಕು, ಅಷ್ಟೇ. ಮಲೆನಾಡಿನ ಕಾದಂಬರಿ ಅಂದ ತಕ್ಷಣ ಮಂಜು, ಹೆಂಚಿನ ಮನೆ, ಕಂಬಳಿಕೊಪ್ಪೆ ಹಾಕಿಕೊಂಡು ಬೆನ್ನು ತೋರಿಸಿ ನಿಂತ ಒಬ್ಬ ಮನುಷ್ಯ. ಈ ಚಿತ್ರ ನೋಡಿ ನೋಡಿ ನನಗಂತೂ ಸಾಕಾಗಿದೆ. ಒಳಗಿನ ಕತೆ ಭದ್ರಾವತಿಯ ಕಾರ್ಖಾನೆ ಕಾಲೊನಿಯದಾದರೂ ಹೊರಗೆ ಮಂಜೇ.

ಹೆಸರನ್ನೂ ಜಾಸ್ತಿ ನಂಬಬೇಡಿ. ತೇಜಸ್ವಿಯವರ ಕಾದಂಬರಿ ‘ಕರ್ವಾಲೊ’ದ ಹೆಸರು ಓದಿ ಒಳಗೆ ಹಾರುವ ಓತಿ ಇರಬಹುದು ಅಂತ ಯಾರು ಊಹಿಸುತ್ತಾರೆ? 1980ರಲ್ಲಿ ಬಂದ ಆ ಪುಸ್ತಕ ಇವತ್ತಿಗೂ ಮತ್ತೆ ಮತ್ತೆ ಅಚ್ಚಾಗುತ್ತಿದೆ. ಓದಿದವರು ಓದದವರಿಗೆ ಹೇಳಿ ಹೇಳಿಯೇ ಅದು ಅಷ್ಟು ದೂರ ಹೋದದ್ದು.

ಮುಖಪುಟಕ್ಕಿಂತ ಜಾಸ್ತಿ ಹೇಳುವುದು ಪ್ರಕಾಶಕರ ಹೆಸರು. ಹೆಗ್ಗೋಡಿನಂಥ ಒಂದು ಹಳ್ಳಿಯಲ್ಲಿ ಕೂತು ಅಕ್ಷರ ಪ್ರಕಾಶನ ಇಷ್ಟು ವರ್ಷ ಪುಸ್ತಕ ತರುತ್ತಿದೆಯಲ್ಲ, ಅದರ ಹೆಸರು ಕಂಡರೆ ಒಳಗಿನ ಸರಕು ಯಾವ ಬಗೆಯದು ಅಂತ ನಮ್ಮ ಕಡೆ ಓದುವವರಿಗೆ ಅರ್ಧ ಗೊತ್ತಾಗಿಬಿಡುತ್ತದೆ. ಅದನ್ನು ಕಟ್ಟಿದ ಕೆ. ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ಅದೇ ಊರಿನ ಅವರ ರಂಗಸಂಸ್ಥೆ ನೀನಾಸಮ್‌ನ ನಾಟಕದ ಕೆಲಸವನ್ನೇ ಎಲ್ಲರೂ ಮಾತಾಡಿದರು. ಪುಸ್ತಕದ ಕೆಲಸವೂ ಅದಕ್ಕೆ ಕಡಿಮೆಯದೇನಲ್ಲ. ಒಂದು ಪ್ರಕಾಶನದ ಎರಡು ಮೂರು ಪುಸ್ತಕ ನಿಮಗೆ ಹಿಡಿಸಿದ್ದರೆ ಇನ್ನೊಂದನ್ನು ಧೈರ್ಯವಾಗಿ ತೆಗೆಯಬಹುದು. ಸಂಪಾದಕರು ಮತ್ತು ಕರಡು ತಿದ್ದುವವರು ಅವರೇ ಇರುತ್ತಾರೆ ಅಲ್ವಾ?

ಬಹುಮಾನದ ಚೀಟಿ ಅಂಟಿಸಿದ್ದರೆ ಯಾರು ಕೊಟ್ಟದ್ದು ಅಂತ ನೋಡಿ. ಶಿವಮೊಗ್ಗದ ಕರ್ನಾಟಕ ಸಂಘ 1930ರಲ್ಲಿ ಶುರುವಾದದ್ದು. ಕಾದಂಬರಿ, ಕತೆ, ಕವನ, ಅನುವಾದ ಹೀಗೆ ಬೇರೆ ಬೇರೆ ಪ್ರಕಾರಕ್ಕೆ ಬೇರೆ ಬೇರೆಯಾಗಿ ಪುಸ್ತಕ ಬಹುಮಾನ ಕೊಡುತ್ತದೆ. ಅಂಥ ಬಹುಮಾನದಿಂದ ಕನಿಷ್ಠ ಒಂದಾದರೂ ಖಾತ್ರಿ: ಯಾರೋ ಕೂತು ಆ ಪುಸ್ತಕವನ್ನು ಬೇರೆಯವುಗಳ ಪಕ್ಕದಲ್ಲಿಟ್ಟು ಓದಿದ್ದಾರೆ. ಎಲ್ಲಿಯೂ ಹೆಸರು ಕೇಳದ ಸಂಸ್ಥೆಯ ‘ರತ್ನ’ ‘ಭೂಷಣ’ಗಳಿಗೆ ಆ ಬೆಲೆ ಕೊಡಬೇಕಾಗಿಲ್ಲ.

ಬೆನ್ನುಡಿ, ಮುನ್ನುಡಿ, ಲೇಖಕರ ಮಾತು

ಮೂರನ್ನೂ ಒಂದೇ ಅಂದುಕೊಳ್ಳುವವರು ಬಹಳ. ಮೂರರ ಕೆಲಸವೂ ಬೇರೆ.

ಬೆನ್ನುಡಿ ಬರೆಯುವವರು ಸಾಮಾನ್ಯವಾಗಿ ಲೇಖಕರ ಸ್ನೇಹಿತರು. ಸ್ನೇಹಿತರ ಮದುವೆಗೆ ಹೋಗಿ ಊಟ ಚೆನ್ನಾಗಿಲ್ಲ ಅಂತ ಯಾರೂ ಹೇಳುವುದಿಲ್ಲ. ‘ಕನ್ನಡ ಕಥನಲೋಕಕ್ಕೆ ಹೊಸ ಆಯಾಮ’ ಅಂತ ಬರೆದಿದ್ದರೆ ಅದರಿಂದ ನಿಮಗೆ ಏನೂ ತಿಳಿಯಲಿಲ್ಲ ಅಂತಲೇ ಲೆಕ್ಕ. ಆ ಸಾಲನ್ನು ಯಾವ ಪುಸ್ತಕದ ಹಿಂದೆ ಹಾಕಿದರೂ ಹೊಂದುತ್ತದೆ. ಬೆನ್ನುಡಿಯಲ್ಲಿ ಹುಡುಕಬೇಕಾದ್ದು ಒಂದೇ, ಈ ಪುಸ್ತಕಕ್ಕೆ ಮಾತ್ರ ಹೊಂದುವ ಒಂದು ವಿವರ. ಒಂದು ಊರು, ಒಂದು ಕಸುಬು, ಒಂದು ಗಲಾಟೆ. ಅಂಥದ್ದೊಂದು ಇದ್ದರೆ ಬರೆದವರು ಪುಸ್ತಕ ಓದಿದ್ದಾರೆ ಅಂತ ಅರ್ಥ. ಇಲ್ಲದಿದ್ದರೆ ಮುಂದೆ ಹೋಗಿ.

ಮುನ್ನುಡಿ ಹಿರಿಯರದ್ದು. ಹೊಸಬರ ಮೊದಲ ಪುಸ್ತಕಕ್ಕೆ ದೊಡ್ಡವರೊಬ್ಬರು ಹತ್ತು ಹನ್ನೆರಡು ಪುಟ ಬರೆದು ಹರಸುವುದು ಕನ್ನಡದ ಹಳೇ ಪದ್ಧತಿ. ಪದ್ಧತಿ ಒಳ್ಳೆಯದೇ. ಆದರೆ ಕೊಳ್ಳುವವರಿಗೆ ಅದರಲ್ಲಿ ಒಂದು ತೊಂದರೆ ಇದೆ. ಮುನ್ನುಡಿ ಬರೆಯುವವರು ನೀವು ಆಗಲೇ ಪುಸ್ತಕ ಓದಿದ್ದೀರಿ ಅನ್ನುವ ಹಾಗೆ ಬರೆಯುತ್ತಾರೆ. ಯಾರು ಸತ್ತರು, ಯಾರು ಯಾರನ್ನು ಬಿಟ್ಟು ಹೋದರು, ಕೊನೆಗೆ ಏನಾಯಿತು, ಎಲ್ಲವೂ ಅಲ್ಲೇ ಬಯಲು. ಕಾದಂಬರಿಯಾದರೆ ನಾನು ಮುನ್ನುಡಿಯನ್ನು ಮೊದಲು ಓದುವುದಿಲ್ಲ. ಪುಸ್ತಕ ಮುಗಿದ ಮೇಲೆ ಓದುತ್ತೇನೆ. ಆಗ ಅದು ಇನ್ನೊಬ್ಬ ಓದುಗರ ಜೊತೆ ಕೂತು ಮಾತಾಡಿದಷ್ಟು ಸೊಗಸಾಗಿರುತ್ತದೆ. ಹಳಗನ್ನಡ ಕಾವ್ಯ, ವಚನ, ಶಾಸನದ ಪುಸ್ತಕಗಳ ವಿಷಯ ಬೇರೆ. ಅಲ್ಲಿ ಸಂಪಾದಕರ ಪ್ರಸ್ತಾವನೆ ಓದದೆ ಒಳಗೆ ಹೋದರೆ ದಾರಿ ತಪ್ಪುವುದು ಖಂಡಿತ.

ಮೂರರಲ್ಲಿ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಲೇಖಕರ ಮಾತು. ಕೆಲವರು ‘ಅರಿಕೆ’ ಅಂತ ಹಾಕುತ್ತಾರೆ, ಕೆಲವರು ‘ಎರಡು ಮಾತು’ ಅಂತ ಹಾಕಿ ಆರು ಪುಟ ಬರೆಯುತ್ತಾರೆ. ಅದರಲ್ಲಿ ಧನ್ಯವಾದದ ಪಟ್ಟಿ ನೋಡಿ. ಕತೆಗಳಾದರೆ ಮೊದಲು ಎಲ್ಲಿ ಅಚ್ಚಾದವು ಅಂತ ಇರುತ್ತದೆ: ಮಯೂರ, ತುಷಾರ, ಸುಧಾ, ದೀಪಾವಳಿ ವಿಶೇಷಾಂಕ. ಹೀಗೆ ಬೇರೆ ಬೇರೆ ಸಂಪಾದಕರ ಕೈ ದಾಟಿ ಬಂದ ಕತೆಗಳು ಬೇರೆ, ನೇರವಾಗಿ ಪುಸ್ತಕಕ್ಕೇ ಬಂದವು ಬೇರೆ. ಎರಡನೆಯದು ಕೆಟ್ಟದ್ದು ಅಂತ ಹೇಳುತ್ತಿಲ್ಲ. ಆದರೆ ಹೊಸ ಲೇಖಕರ ಪುಸ್ತಕ ಕೈಯಲ್ಲಿದ್ದಾಗ ಇದು ಒಂದು ಸುಳಿವು. ಇನ್ನೊಂದು ಸುಳಿವು ಬರೆದ ರೀತಿಯಲ್ಲೇ ಇರುತ್ತದೆ. ತಮ್ಮ ಬಗ್ಗೆ ಸರಳವಾಗಿ ಎರಡು ಪುಟ ಬರೆಯಲು ಆಗದವರು ಬೇರೆಯವರ ಬಗ್ಗೆ ಇನ್ನೂರು ಪುಟ ಹೇಗೆ ಬರೆದಾರು?

ಯಾರೂ ಓದದ ಒಂದು ಪುಟ

ಒಳ ಶೀರ್ಷಿಕೆಯ ಹಿಂದೆ ಸಣ್ಣ ಅಕ್ಷರದಲ್ಲಿ ಒಂದು ಪುಟ ಇರುತ್ತದೆ. ಹೆಚ್ಚಿನವರು ಅದನ್ನು ಹಾರಿಸಿ ಮುಂದೆ ಹೋಗುತ್ತಾರೆ. ಪುಸ್ತಕದಲ್ಲಿ ಹೊಗಳಿಕೆ ಇಲ್ಲದ ಪುಟ ಅದೊಂದೇ. ಅಲ್ಲಿ ಹೀಗೇನೋ ಇರುತ್ತದೆ ಅಂದುಕೊಳ್ಳಿ:

ಮೊದಲ ಮುದ್ರಣ: 2009. ನಾಲ್ಕನೆಯ ಮುದ್ರಣ: 2021. ಪ್ರತಿಗಳು: 1000. ಪುಟಗಳು: 14+226. ಆಕಾರ: 1/8 ಡೆಮಿ. ಕಾಗದ: 70 ಜಿಎಸ್ಎಂ.

ಒಂದೊಂದಾಗಿ ಬಿಡಿಸೋಣ. ಹನ್ನೆರಡು ವರ್ಷದಲ್ಲಿ ನಾಲ್ಕು ಮುದ್ರಣ ಅಂದರೆ ಜಾತ್ರೆಯ ಹಾಗೆ ಮಾರಾಟವಾದ ಪುಸ್ತಕ ಅಲ್ಲ. ಆದರೆ ಕೇಳುವವರು ನಿಂತಿಲ್ಲ. ನನ್ನ ಲೆಕ್ಕದಲ್ಲಿ ಇದು ಒಳ್ಳೆಯ ಲಕ್ಷಣ. ಒಂದೇ ವರ್ಷದಲ್ಲಿ ನಾಲ್ಕು ಮುದ್ರಣ ಅಂತ ಇದ್ದರೆ ಪ್ರತಿಗಳ ಸಂಖ್ಯೆ ನೋಡಿ. ಈಗ ಡಿಜಿಟಲ್ ಮುದ್ರಣದಲ್ಲಿ ನೂರು ಇನ್ನೂರು ಪ್ರತಿಯನ್ನೂ ತೆಗೆಯಬಹುದು, ಪ್ರತಿ ಸಲವೂ ಅದನ್ನು ಹೊಸ ಮುದ್ರಣ ಅನ್ನಬಹುದು. ಪ್ರತಿಗಳ ಸಂಖ್ಯೆಯನ್ನೇ ಹಾಕದೆ ‘ಐದನೇ ಮುದ್ರಣ’ ಅಂತ ಮಾತ್ರ ದೊಡ್ಡದಾಗಿ ಹಾಕಿದ್ದರೆ ನಾನು ಆ ಐದಕ್ಕೆ ಜಾಸ್ತಿ ಬೆಲೆ ಕೊಡುವುದಿಲ್ಲ.

14+226 ಅಂದರೆ ಮುನ್ನುಡಿ, ಅರಿಕೆ, ಪರಿವಿಡಿ ಎಲ್ಲ ಸೇರಿ ಹದಿನಾಲ್ಕು ಪುಟ, ಆಮೇಲೆ ಪುಸ್ತಕ ಶುರು. ಇದೇ ಲೆಕ್ಕ 40+96 ಅಂತ ಇದ್ದರೆ ಸ್ವಲ್ಪ ಯೋಚಿಸಿ. ನೀವು ಕೊಡುವ ದುಡ್ಡಿನಲ್ಲಿ ಎಷ್ಟು ಪಾಲು ಹರಕೆಗೆ ಹೋಗುತ್ತಿದೆ ಅಂತ ಗೊತ್ತಾಗುತ್ತದೆ.

ಆಕಾರ ಮತ್ತು ಕಾಗದವನ್ನೂ ಬಿಡಬೇಡಿ. ಡೆಮಿ ಅಂದರೆ ಸುಮಾರು ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಎತ್ತರ. ಕ್ರೌನ್ ಅದಕ್ಕಿಂತ ಚಿಕ್ಕದು. ಮಲಗಿ ಓದುವವರಿಗೆ, ಬಸ್ಸಿನಲ್ಲಿ ಓದುವವರಿಗೆ ಕ್ರೌನ್ ಸುಲಭ. ವಯಸ್ಸಾದವರಿಗೆ ಕೊಡುವುದಾದರೆ ಡೆಮಿಯೇ ಸರಿ. ಸಾಮಾನ್ಯವಾಗಿ ಅದರಲ್ಲಿ ಅಕ್ಷರಕ್ಕೂ ಸಾಲುಗಳ ನಡುವೆಯೂ ಜಾಗ ಇರುತ್ತದೆ. ಜಿಎಸ್ಎಂ ಅಂದರೆ ಒಂದು ಚದರ ಮೀಟರ್ ಕಾಗದದ ತೂಕ ಎಷ್ಟು ಗ್ರಾಂ ಅಂತ. 70 ಇದ್ದರೆ ಸಾಮಾನ್ಯವಾಗಿ ಹಿಂದಿನ ಪುಟದ ಅಕ್ಷರ ಮುಂದೆ ಕಾಡುವುದಿಲ್ಲ. ತೀರಾ ಕಡಿಮೆಯಾದರೆ ಒಂದು ಪುಟ ಓದುವಾಗ ಎರಡು ಪುಟ ಕಾಣುತ್ತದೆ. ಸಂಜೆ ಆರು ಗಂಟೆಯ ಮಳೆಯ ಬೆಳಕಿನಲ್ಲಿ ಇದು ಸಣ್ಣ ವಿಷಯವಲ್ಲ.

ಮೊದಲ ಪುಟವೋ, ಮಧ್ಯದ ಪುಟವೋ

ಈಗ ಮುಖ್ಯ ವಿಷಯಕ್ಕೆ ಬರೋಣ. ಮೊದಲ ಪುಟ ಚೆನ್ನಾಗಿದ್ದರೆ ಪುಸ್ತಕ ಚೆನ್ನಾಗಿರುತ್ತದೆ ಅನ್ನುವುದು ಎಲ್ಲರ ನಂಬಿಕೆ. ಬಹಳ ಸಲ ಅದು ನಿಜವೂ ಹೌದು. ಶುರುವಿನಲ್ಲೇ ಓದುಗರ ಕತ್ತು ಹಿಡಿಯುವ ಪುಸ್ತಕಕ್ಕೆ ಉದಾಹರಣೆ ಬೇಕಾದರೆ ತೀರ್ಥಹಳ್ಳಿ ಕಡೆಯವರೇ ಆದ ಅನಂತಮೂರ್ತಿಯವರ ‘ಸಂಸ್ಕಾರ’ ಇದೆ. 1965ರದ್ದು. ಅಗ್ರಹಾರದಲ್ಲಿ ಒಂದು ಸಾವು. ಹೆಣ ಯಾರು ಎತ್ತಬೇಕು ಅನ್ನುವ ಪ್ರಶ್ನೆ. ಕೆಲವೇ ಪುಟಗಳಲ್ಲಿ ಇಡೀ ಗಂಟು ನಿಮ್ಮ ಮುಂದಿರುತ್ತದೆ. ಪುಸ್ತಕ ಕೆಳಗಿಡಲು ಆಗುವುದಿಲ್ಲ.

ಅದೇ ತಾಲ್ಲೂಕಿನ ಇನ್ನೊಂದು ದೊಡ್ಡ ಪುಸ್ತಕವನ್ನು ಮೊದಲ ಪುಟ ನೋಡಿ ಅಳೆದರೆ ಕೆಲಸ ಕೆಡುತ್ತದೆ. ಕುವೆಂಪು ಅವರ ಊರು ಕುಪ್ಪಳಿಗೆ ಹೋಗಿ ಕವಿಮನೆ ನೋಡಿ, ಕವಿಶೈಲ ಹತ್ತಿ ಇಳಿದು, ಅದೇ ಹುರುಪಿನಲ್ಲಿ ‘ಮಲೆಗಳಲ್ಲಿ ಮದುಮಗಳು’ ಕೊಂಡುತಂದು ಐವತ್ತನೇ ಪುಟಕ್ಕೆ ನಿಲ್ಲಿಸಿದವರು ನಿಮ್ಮ ಪರಿಚಯದಲ್ಲೂ ಇರಬಹುದು. 1967ರಲ್ಲಿ ಬಂದ ಈ ಕಾದಂಬರಿಗೆ ಅವಸರ ಅನ್ನುವುದೇ ಇಲ್ಲ. ಯಾರ ಮನೆ ಯಾವುದು, ಯಾರು ಯಾರ ಆಳು, ಯಾರಿಗೆ ಯಾರು ನೆಂಟರು, ಏನೂ ತಲೆಗೆ ಹತ್ತುವುದಿಲ್ಲ. ನಾಯಿಗುತ್ತಿ ಮತ್ತು ಅವನ ನಾಯಿ ಹುಲಿಯನ ಹಿಂದೆ ಸುಮ್ನೆ ನಡೆಯುತ್ತಾ ಹೋಗಬೇಕು. ಇಲ್ಲಿ ಯಾರೂ ಮುಖ್ಯರಲ್ಲ, ಅಮುಖ್ಯರೂ ಅಲ್ಲ ಅಂತ ಕುವೆಂಪು ಆರಂಭದಲ್ಲೇ ಹೇಳಿಟ್ಟಿದ್ದಾರೆ. ಅಂಥ ಪುಸ್ತಕದ ಮುಂದೆ ನಿಂತು ‘ಮುಖ್ಯವಾದ ಭಾಗ ಯಾವುದು’ ಅಂತ ಕೇಳುವ ನಮ್ಮ ಬಳಗದ ಪಾಡು ನೋಡಿ! ಇದನ್ನು ಅಂಗಡಿಯಲ್ಲಿ ಪರೀಕ್ಷೆ ಮಾಡುವುದಾದರೆ ಮುನ್ನೂರನೇ ಪುಟದ ಆಸುಪಾಸು ತೆರೆಯಿರಿ. ಇಬ್ಬರು ಮಾತಾಡುವ ಒಂದು ಸನ್ನಿವೇಶ ಓದಿ. ಯಾರು ಏನು ಅಂತ ಗೊತ್ತಿಲ್ಲದೆಯೂ ಆ ಮಾತು ನಿಮ್ಮನ್ನು ಹಿಡಿದರೆ ಪುಸ್ತಕ ನಿಮ್ಮದು.

ಮಧ್ಯದ ಪುಟವನ್ನು ನಂಬಲು ಕಾರಣ ಸರಳ. ಮೊದಲ ಪುಟವನ್ನು ಲೇಖಕರು ಹತ್ತು ಸಲ ತಿದ್ದಿರುತ್ತಾರೆ, ಸ್ನೇಹಿತರಿಗೆ ಓದಿ ಹೇಳಿರುತ್ತಾರೆ. ಎಲ್ಲರೂ ಅಲ್ಲೇ ನೋಡುತ್ತಾರೆ ಅಂತ ಅವರಿಗೂ ಗೊತ್ತು. ನೂರಹದಿನೇಳನೇ ಪುಟವನ್ನು ಯಾರಾದರೂ ಅಂಗಡಿಯಲ್ಲಿ ನಿಂತು ಓದುತ್ತಾರೆ ಅಂತ ಯಾರೂ ಎಣಿಸಿರುವುದಿಲ್ಲ. ಅಲ್ಲಿ ಅವರ ದಿನನಿತ್ಯದ ಕೈ ಕಾಣುತ್ತದೆ.

ಏನು ನೋಡಬೇಕು? ಒಂದು ಉದಾಹರಣೆ ಕೊಡುತ್ತೇನೆ. ಎರಡೂ ನಾನೇ ಕಟ್ಟಿದ್ದು, ಯಾವ ಪುಸ್ತಕದ್ದೂ ಅಲ್ಲ. ವಿಷಯ ನಮಗೆಲ್ಲ ಗೊತ್ತಿರುವುದೇ, ಅಡಿಕೆಗೆ ಕೊಳೆ ಬಂದದ್ದು.

ಒಂದನೆಯದು: ‘ರಾಮಪ್ಪನಿಗೆ ತುಂಬಾ ದುಃಖವಾಯಿತು. ಕೊಳೆ ರೋಗ ಅವನ ಬದುಕನ್ನೇ ಕತ್ತಲಾಗಿಸಿತ್ತು. ಎಲ್ಲವೂ ವಿಧಿಯ ಆಟ ಎಂದು ನಿಟ್ಟುಸಿರು ಬಿಟ್ಟನು.’

ಎರಡನೆಯದು: ‘ತೋಟದಿಂದ ಬಂದ ರಾಮಪ್ಪ ಕಾಲು ತೊಳೆಯಲಿಲ್ಲ. ಉದುರಿದ ಹಸಿ ಕಾಯಿ ಒಂದು ಹಿಡಿ ತಂದಿದ್ದ, ಜಗುಲಿಯ ಮೇಲೆ ಸುರಿದ. “ಮದ್ದು ಹೊಡೆದದ್ದು ಯಾವಾಗ?” ಅಂದಳು ಹೆಂಡತಿ. “ನಿನ್ನ ಅಣ್ಣನ ದುಡ್ಡು ಬರಲಿ, ಆಮೇಲೆ ಹೊಡೆಯೋಣ ಅಂತಿದ್ದೆ.” ಅವಳು ಒಳಗೆ ಹೋಗಿ ಚೊಂಬಿನಲ್ಲಿ ನೀರು ತಂದಿಟ್ಟಳು.’

ಮೊದಲನೆಯದರಲ್ಲಿ ದುಃಖ ಆಯಿತು ಅಂತ ಹೇಳಿದ್ದಾರೆ, ನಮಗೆ ಏನೂ ಆಗಲಿಲ್ಲ. ಎರಡನೆಯದರಲ್ಲಿ ದುಃಖದ ಮಾತೇ ಇಲ್ಲ. ಆದರೆ ಮಳೆ ಹಿಡಿಯುವ ಮೊದಲು ಕೊಳೆಗೆ ಬೋರ್ಡೋ ಮದ್ದು ಹೊಡೆಯಲಿಲ್ಲ, ದುಡ್ಡಿರಲಿಲ್ಲ, ಹೆಂಡತಿಯ ತವರಿನ ಕಡೆ ಏನೋ ಬಾಕಿ ಇದೆ, ಆ ವಿಷಯಕ್ಕೆ ಮನೆಯಲ್ಲಿ ಮೊದಲೂ ಮಾತು ಬೆಳೆದಿದೆ, ಇಷ್ಟೂ ಬಂತು. ಮಧ್ಯದ ಪುಟದಲ್ಲಿ ಎರಡನೆಯ ಬಗೆಯ ಬರವಣಿಗೆ ಸಿಕ್ಕರೆ ಬೆನ್ನುಡಿ ಹೇಗಿದ್ದರೂ ತೆಗೆದುಕೊಳ್ಳಿ.

ಅನ್ನ ಬೆಂದಿದೆಯಾ ನೋಡಲು ಒಂದು ಅಗುಳು ಸಾಕು ಅಂತಾರೆ. ಪುಸ್ತಕಕ್ಕೆ ನಾನು ಮೂರು ಅಗುಳು ಹಿಚುಕಿ ನೋಡುತ್ತೇನೆ: ಮೂರು ಕಡೆ ತೆರೆದು ಒಂದೊಂದು ಪುಟ. ಮೂರರಲ್ಲಿ ಎರಡು ಚೆನ್ನಾಗಿದ್ದರೆ ಆಯಿತು. ದೊಡ್ಡ ಪುಸ್ತಕದಲ್ಲಿ ಎಲ್ಲ ಪುಟವೂ ಮಿಂಚಬೇಕು ಅಂತ ಕೇಳುವುದು ಅನ್ಯಾಯ.

ಕತೆಯೋ, ಪಾತ್ರವೋ, ಊರೋ

ಕತೆಯೇ ಮುಖ್ಯ, ಮುಂದೇನಾಯಿತು ಅನ್ನುವ ಕುತೂಹಲ ಇಲ್ಲದೆ ಯಾರು ಓದುತ್ತಾರೆ ಅನ್ನುವವರನ್ನು ನಾನು ಒಂದು ಸಂಜೆ ಹೊಸಹಳ್ಳಿಗೆ ಕರೆದುಕೊಂಡು ಹೋಗಲು ಇಷ್ಟಪಡುತ್ತೇನೆ. ಶಿವಮೊಗ್ಗದಿಂದ ಹತ್ತಿರ, ತುಂಗೆಯ ಆಚೆ ಈಚೆ ಮತ್ತೂರು, ಹೊಸಹಳ್ಳಿ. ಮತ್ತೂರು ಸಂಸ್ಕೃತಕ್ಕೆ ಹೆಸರಾದರೆ ಹೊಸಹಳ್ಳಿ ಗಮಕಕ್ಕೆ, ಅಂದರೆ ಕಾವ್ಯವನ್ನು ರಾಗವಾಗಿ ಓದುವ ಕಲೆಗೆ. ಅಲ್ಲಿನ ಎಚ್. ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದದ್ದು ಗಮಕ ಕಲೆಗಾಗಿಯೇ. ಕುಮಾರವ್ಯಾಸ ಭಾರತದ ಕರ್ಣಪರ್ವ ಓದುತ್ತಿದ್ದರೆ ಕರ್ಣ ಸಾಯುತ್ತಾನೆ ಅಂತ ಗೊತ್ತಿಲ್ಲದವರು ಆ ಸಭೆಯಲ್ಲಿ ಒಬ್ಬರೂ ಇರುವುದಿಲ್ಲ. ಮಕ್ಕಳಿಗೂ ಗೊತ್ತು. ಆದರೂ ಎದ್ದು ಹೋಗುವುದಿಲ್ಲ. ಆರುನೂರು ವರ್ಷದ ಹತ್ತಿರದ ಕಾವ್ಯವನ್ನು ಕೊನೆ ಗೊತ್ತಿದ್ದೂ ಮತ್ತೆ ಮತ್ತೆ ಕೇಳುತ್ತಾರೆ ಅಂದರೆ ಕೇಳುವುದು ಕತೆಗಾಗಿ ಅಲ್ಲ, ಹೇಳುವ ರೀತಿಗಾಗಿ. ಪದ್ಯದ ನಡೆ, ಒಂದು ಮಾತಿಗೆ ಎದುರಾಗಿ ಬರುವ ಇನ್ನೊಂದು ಮಾತು, ಅಲ್ಲಲ್ಲಿ ಕಿಡಿ ಹಾರುವ ಬೈಗುಳ.

ಹಾಗಂತ ಕತೆಗೆ ಬೆಲೆಯೇ ಇಲ್ಲ ಅನ್ನಲಾರೆ. ಮೊದಲ ಸಲದ ಓದನ್ನು ದಡ ಮುಟ್ಟಿಸುವುದು ಕತೆಯೇ. ಆದರೆ ವರ್ಷ ಕಳೆದ ಮೇಲೆ ಯಾರನ್ನಾದರೂ ಕೇಳಿ ನೋಡಿ. ಕತೆ ಅರ್ಧ ಮರೆತಿರುತ್ತದೆ, ಒಬ್ಬ ಮನುಷ್ಯ ಮಾತ್ರ ನೆನಪಿರುತ್ತಾನೆ. ಕರ್ವಾಲೊ ಓದಿದವರಿಗೆ ಓತಿಯ ಹುಡುಕಾಟದ ಹಂತಗಳು ನೆನಪಿರಲಿಕ್ಕಿಲ್ಲ, ಮಂದಣ್ಣ ನೆನಪಿರುತ್ತಾನೆ. ಹಾಗಾಗಿ ಪಾತ್ರ ಮತ್ತು ಕತೆ ಎರಡರಲ್ಲಿ ಒಂದನ್ನು ಆರಿಸು ಅಂದರೆ ನನ್ನ ಓಟು ಪಾತ್ರಕ್ಕೆ.

ಊರಿನ ವಿಷಯಕ್ಕೆ ಬಂದರೆ ಅದು ಓದುವವರು ಎಲ್ಲಿಯವರು ಅನ್ನುವುದರ ಮೇಲೆ ನಿಂತಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ನೀರು ನಿಂತಾಗ ಊರು, ತೋಟ ಎಲ್ಲ ಬಿಟ್ಟು ಬಂದ ಮನೆಗಳು ಸಾಗರ, ಹೊಸನಗರ, ಶಿವಮೊಗ್ಗದ ಸುತ್ತ ಎಷ್ಟೋ ಇವೆ. ಆ ಮುಳುಗಡೆಯನ್ನೇ ನಾ. ಡಿಸೋಜ ಮತ್ತೆ ಮತ್ತೆ ಬರೆದರು. ಅವರ ‘ದ್ವೀಪ’ವನ್ನು ದೂರದ ಊರಿನವರು ಒಂದು ಒಳ್ಳೆಯ ಕಾದಂಬರಿ ಅಂತ ಓದುತ್ತಾರೆ. ಮುಳುಗಡೆ ಮನೆಯವರು ಹಾಗೆ ಓದುವುದಿಲ್ಲ. ನೀರು ಯಾವ ಗುಡ್ಡದವರೆಗೆ ಬಂತು, ಯಾರ ಗದ್ದೆ ಮೊದಲು ಹೋಯಿತು ಅಂತ ಹುಡುಕುತ್ತಾ ಓದುತ್ತಾರೆ. ಅಂಥವರಿಗೆ ಪುಸ್ತಕ ಕೊಡುವಾಗ ಶೈಲಿ ಗೀಲಿ ನೋಡುತ್ತಾ ಕೂರಬೇಡಿ, ಊರು ನೋಡಿ ಕೊಡಿ.

ಬೇರೆ ಕಡೆಯವರಿಗೆ ಮಲೆನಾಡಿನ ಪುಸ್ತಕ ಕೊಡುವುದಾದರೆ ಕೊನೆಯಲ್ಲಿ ಅರ್ಥಕೋಶ ಇದೆಯಾ ನೋಡಿ. ದಾವಣಗೆರೆಯಲ್ಲಿ ಬೆಳೆದವರಿಗೆ ಹಾಡ್ಯ, ಸೊಪ್ಪಿನ ಬೆಟ್ಟ, ಹಕ್ಕಲು ಅಂದರೆ ಏನು ಗೊತ್ತಾಗಬೇಕು? ಪಾಪ, ಊಹೆ ಮಾಡಿಕೊಂಡು ಓದುತ್ತಾರೆ.

ಕೊನೆಯ ಪುಟ

ಕೊನೆ ಹೇಗಿದೆ ಅಂತ ಮೊದಲೇ ನೋಡುವವರಿದ್ದಾರೆ. ಸುಖಾಂತವಾದರೆ ಮಾತ್ರ ಓದುತ್ತೇನೆ ಅಂತ ನನ್ನ ಚಿಕ್ಕಮ್ಮ ನೇರವಾಗಿಯೇ ಹೇಳುತ್ತಾರೆ. ಅವರ ಹಟ ನನಗೆ ಇಷ್ಟ. ಆದರೆ ಕೊನೆಯ ಪುಟದಿಂದ ಪುಸ್ತಕ ಆರಿಸುವುದು ಕಷ್ಟ. ‘ಸಂಸ್ಕಾರ’ದ ಕೊನೆ ಮಾತ್ರ ಓದಿದರೆ ಏನು ಸಿಗುತ್ತದೆ? ಗಾಡಿಯಲ್ಲಿ ಕೂತು ಊರಿಗೆ ಹೊರಟ ಒಬ್ಬ ಮನುಷ್ಯ. ಮುಂದೆ ಏನು ಮಾಡುತ್ತಾನೆ ಅಂತ ಲೇಖಕರು ಹೇಳುವುದಿಲ್ಲ. ಹಿಂದಿನದನ್ನೆಲ್ಲ ಓದಿ ಬಂದವರಿಗೆ ಮಾತ್ರ ಆ ಗಾಡಿಯ ಭಾರ ತಿಳಿಯುತ್ತದೆ. ಕೊನೆಯ ಪುಟ ಪುಸ್ತಕದ ಬಗ್ಗೆ ಜಗಳವಾಡಲು ಒಳ್ಳೆಯದು, ಕೊಳ್ಳಲು ಅಲ್ಲ.

ಕಾದಂಬರಿ ಅಲ್ಲದಿದ್ದರೆ

ಕಥಾಸಂಕಲನವಾದರೆ ಪುಸ್ತಕಕ್ಕೆ ಯಾವ ಕತೆಯ ಹೆಸರಿಟ್ಟಿದ್ದಾರೋ ಅದನ್ನು ಬಿಡಿ. ಅದು ಅವರ ಮೆಚ್ಚಿನದು, ಚೆನ್ನಾಗಿಯೇ ಇರುತ್ತದೆ. ಪರಿವಿಡಿಯಲ್ಲಿ ಕೊನೆಯಿಂದ ಎರಡನೆಯ ಕತೆ ತೆರೆಯಿರಿ. ಕವನಸಂಕಲನದಲ್ಲಿ ಎಲ್ಲಕ್ಕಿಂತ ಚಿಕ್ಕ ಪದ್ಯ ಓದಿ, ಸಾಧ್ಯವಾದರೆ ತುಟಿ ಅಲ್ಲಾಡಿಸಿ ಓದಿ. ಅನುವಾದವಾದರೆ ಸಂಭಾಷಣೆ ಮಾತ್ರ ನೋಡಿದರೆ ಸಾಕು. ಅಲ್ಲಿ ಎಡವದ ಅನುವಾದಕರು ಬೇರೆ ಕಡೆಯೂ ಎಡವುವುದು ಕಡಿಮೆ. ಮುಖಪುಟದಲ್ಲಿ ಅನುವಾದಕರ ಹೆಸರೇ ಇಲ್ಲದಿದ್ದರೆ ನನಗೆ ಅನುಮಾನ.

ಆತ್ಮಕತೆಯಲ್ಲಿ ಸನ್ಮಾನ, ಶಾಲು, ಹಾರದ ಫೋಟೋ ಎಷ್ಟಿದೆ ನೋಡಿ. ಸಾಲ, ಕಾಯಿಲೆ, ಅಣ್ಣ ತಮ್ಮಂದಿರ ಪಾಲು ಪಂಚಾಯಿತಿ ಎಷ್ಟಿದೆ ಅಂತಲೂ ನೋಡಿ. ಎರಡನೆಯದು ಜಾಸ್ತಿ ಇದ್ದರೆ ಓದಬಹುದು. ಕಾಡು, ಹಕ್ಕಿ, ಪ್ರಾಣಿಗಳ ಪುಸ್ತಕದಲ್ಲಿ ಗಿಡಮರಗಳಿಗೆ ನಮ್ಮ ಕಡೆ ಕರೆಯುವ ಹೆಸರು ಇದೆಯಾ ನೋಡುತ್ತೇನೆ. ಪತ್ತೇದಾರಿ ಕಾದಂಬರಿಗೆ ಮಾತ್ರ ಮಧ್ಯದ ಪುಟದ ಸೂತ್ರ ಬೇಡ. ಅಲ್ಲೇ ಹೆಣ ಸಿಕ್ಕಿಬಿಟ್ಟರೆ ಓದುವುದಕ್ಕೆ ಏನು ಉಳಿಯಿತು?

ಮಳೆಗಾಲಕ್ಕೆ ಬೈಂಡಿಂಗ್

ಇದನ್ನು ಬೆಂಗಳೂರಿನವರು ಹಾರಿಸಿ ಓದಬಹುದು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮಳೆ ಅಂದರೆ ಸಾಮಾನ್ಯ ಸಂಗತಿ. ಸುತ್ತಲಿನ ಊರುಗಳಲ್ಲೂ ಜುಲೈ ಬಂತೆಂದರೆ ಬಟ್ಟೆ ಒಣಗುವುದಿಲ್ಲ, ಚಪ್ಪಲಿಗೆ ಬೂಷ್ಟು. ಪುಸ್ತಕ ಯಾವ ಲೆಕ್ಕ?

ಪುಸ್ತಕದ ಬೆನ್ನನ್ನು ಮೇಲಿನಿಂದ ನೋಡಿ. ಸಣ್ಣ ಸಣ್ಣ ಮಡಿಕೆಗಳು ಸಾಲಾಗಿ ಕಂಡರೆ ಅದು ಹೊಲಿಗೆ ಹಾಕಿದ್ದು. ಬಿಡಿ ಹಾಳೆಗಳನ್ನು ಸಮ ಕತ್ತರಿಸಿ ಅಂಟು ಹಚ್ಚಿದ ಹಾಗೆ ಕಂಡರೆ ಅದು ಅಂಟಿನ ಬೈಂಡಿಂಗ್, ಪ್ರೆಸ್ಸಿನವರು ಪರ್ಫೆಕ್ಟ್ ಬೈಂಡಿಂಗ್ ಅನ್ನುತ್ತಾರೆ. ಹೆಸರು ಮಾತ್ರ ಪರ್ಫೆಕ್ಟ್. ಅಂಟು ಹಳೆಯದಾಗಿ ಗಡುಸಾದರೆ, ಅಗಲಿಸಿ ಓದಿದಾಗ ಬೆನ್ನು ಬಿರಿದು ಹಾಳೆ ಕೈಗೆ ಬರುತ್ತದೆ. ಇನ್ನೂರು ಪುಟದವರೆಗೆ ನಡೆಯುತ್ತದೆ. ಐನೂರು ಪುಟದ ಪುಸ್ತಕ ಕೊಳ್ಳುವುದಾದರೆ ಸ್ವಲ್ಪ ದುಡ್ಡು ಜಾಸ್ತಿಯಾದರೂ ಹೊಲಿಗೆಯದೇ ಹುಡುಕಿ.

ಮಳೆಗಾಲದಲ್ಲಿ ಮುಖಪುಟ ಹೊರಗಡೆಗೆ ಸುರುಳಿ ಸುತ್ತಿಕೊಳ್ಳುವುದನ್ನು ನೀವೂ ನೋಡಿರಬೇಕು. ಹೊರಗೆ ಪ್ಲಾಸ್ಟಿಕ್ ಲ್ಯಾಮಿನೇಷನ್ ಇರುತ್ತದೆ, ಒಳಮೈ ಬರೀ ಕಾಗದ. ಒಳಮೈ ತೇವ ಹೀರಿ ಹಿಗ್ಗುತ್ತದೆ, ಹೊರಗಿನದು ಹಿಗ್ಗುವುದಿಲ್ಲ. ಹಾಗಾಗಿ ಸುತ್ತಿಕೊಳ್ಳುತ್ತದೆ. ಪುಸ್ತಕ ಕೆಟ್ಟಿತು ಅಂತ ಗಾಬರಿ ಬೇಡ, ಮೇಲೆ ಭಾರ ಇಟ್ಟರೆ ಬೇಸಿಗೆಗೆ ಸರಿಹೋಗುತ್ತದೆ.

ಹಳೇ ಪುಸ್ತಕ ಕೊಳ್ಳುವವರು ಕಾಗದ ಮುಟ್ಟಿ ನೋಡಿ. ನ್ಯೂಸ್‌ಪ್ರಿಂಟಿನಲ್ಲಿ ಅಚ್ಚಾದದ್ದು ಕಂದಾಗಿ, ಮಡಿಸಿದರೆ ಮುರಿಯುವ ಹಾಗಿರುತ್ತದೆ. ಮರದ ತಿರುಳನ್ನು ಅರೆದು ಮಾಡಿದ ಅಗ್ಗದ ಕಾಗದದ ಹಣೆಬರಹವೇ ಅಷ್ಟು. 1930ರ ದಶಕದಲ್ಲಿ ಶುರುವಾದ ನಮ್ಮ ಭದ್ರಾವತಿಯ ಕಾಗದದ ಕಾರ್ಖಾನೆ ಮೊದಲು ಬರೆಯುವ, ಮುದ್ರಿಸುವ ಕಾಗದ, ಆಮೇಲೆ ನ್ಯೂಸ್‌ಪ್ರಿಂಟ್ ಕೂಡ ಮಾಡುತ್ತಿತ್ತು. ಈಗ ಕೆಲವು ವರ್ಷಗಳಿಂದ ನಿಂತಿದೆ. ಹಳೇ ಪುಸ್ತಕದ ರಾಶಿಯಲ್ಲಿ ಇಲ್ಲಿನ ಕಾಗದ ಎಷ್ಟಿದೆಯೋ ಯಾರಿಗೆ ಗೊತ್ತು.

ಫೋನಿನಲ್ಲಿ ಕೊಳ್ಳುವವರಿಗೆ

ನಮ್ಮ ಕಡೆ ಪುಸ್ತಕದಂಗಡಿಗಳೇ ಕಡಿಮೆ. ಇರುವ ಕಡೆಯೂ ಶಾಲೆ ಪುಸ್ತಕ, ನೋಟ್‌ಬುಕ್ಕಿನ ನಡುವೆ ನಾಲ್ಕು ಕಾದಂಬರಿ. ಹಾಗಾಗಿ ಎಷ್ಟೋ ಜನ ಫೋನಿನಲ್ಲೇ ತರಿಸುತ್ತಾರೆ. ಅಲ್ಲಿನ ತೊಂದರೆ ಏನೆಂದರೆ ಅವರು ತೋರಿಸುವುದು ಮುಖಪುಟ ಮತ್ತು ಬೆನ್ನುಡಿ. ಇ-ಪುಸ್ತಕವಾದರೆ ಮೊದಲ ಅಧ್ಯಾಯ. ನಾನು ಮೇಲೆ ಯಾವುದನ್ನೆಲ್ಲ ನಂಬಬೇಡಿ ಅಂದೆನೋ ಸರಿಯಾಗಿ ಅವೇ.

ನಾವು ಕಂಡುಕೊಂಡ ದಾರಿ ಇಷ್ಟೇ. ಯಾರಾದರೂ ಒಂದು ಪುಸ್ತಕ ಓದಿದೆ, ಚೆನ್ನಾಗಿದೆ ಅಂತ ಬಳಗದ ವಾಟ್ಸಾಪ್‌ನಲ್ಲಿ ಹಾಕಿದರೆ ತಕ್ಷಣ ಒಬ್ಬರಲ್ಲ ಒಬ್ಬರು ‘ನೂರನೇ ಪುಟ ಕಳಿಸಿ’ ಅಂತ ಕೇಳುತ್ತಾರೆ. ಒಂದೇ ಪುಟದ ಫೋಟೋ, ಅದಕ್ಕಿಂತ ಜಾಸ್ತಿ ಬೇಡ. ಇಡೀ ಪುಸ್ತಕವನ್ನೇ ಪಿಡಿಎಫ್ ಮಾಡಿ ಹಂಚುವವರನ್ನು ನಮ್ಮಲ್ಲಿ ಸೇರಿಸುವುದಿಲ್ಲ. ಆ ಪುಟ ಓದಿ ಹಿಡಿಸಿದವರು ಪ್ರಕಾಶಕರಿಗೇ ಫೋನ್ ಮಾಡಿ ತರಿಸುತ್ತಾರೆ. ಎಷ್ಟೋ ಸಣ್ಣ ಪ್ರಕಾಶಕರು ರಿಯಾಯಿತಿಯನ್ನೂ ಕೊಡುತ್ತಾರೆ, ಹೊಲಿಗೆ ಬೈಂಡಿಂಗಾ ಅಂಟಿನದಾ ಅಂತ ಕೇಳಿದರೆ ನೋಡಿ ಹೇಳುತ್ತಾರೆ. ಪುಸ್ತಕ ನೂರು ಪುಟಕ್ಕಿಂತ ಚಿಕ್ಕದಾದರೆ ನಲವತ್ತನೇ ಪುಟ ತರಿಸಿಕೊಳ್ಳಿ.